ಮಠಪತ್ರಿಕೆಯ ಡೆಪ್ಯುಟಿ ಚೆನ್ನಬಸಪ್ಪನವರು

ಡೆಪ್ಯುಟಿ ಎಂಬುದು ಒಂದು ಸರಕಾರಿ ಹುದ್ದೆಯ ಹೆಸರು. ಬೆಳಗಾವಿ, ಧಾರವಾಡದ ಸೀಮೆಯಲ್ಲಿ ಆ ಕುರ್ಚಿಯ ಮೇಲೆ ಎಷ್ಟೋ ಜನ ಕುಳಿತರು, ಎದ್ದರು. ಹುದ್ದೆಯೇ ಹೆಸರಾಗಿ ಉಳಿದದ್ದು ಒಬ್ಬರಿಗೆ ಮಾತ್ರ. ಬರೀ ಚೆನ್ನಬಸಪ್ಪನವರು ಎಂದರೆ ಯಾರು ಎಂದು ಕೇಳುವವರು, ಡೆಪ್ಯುಟಿ ಚೆನ್ನಬಸಪ್ಪನವರು ಎಂದ ಕೂಡಲೇ ಹೌದೌದು ಎನ್ನುತ್ತಾರೆ.

ನಮ್ಮ ಪ್ರಶಿಕ್ಷಣಾರ್ಥಿಗಳು ಇವರ ಬಗ್ಗೆ ಪರೀಕ್ಷೆಗೆಂದು ಎರಡು ಸಾಲು ಓದಿರುತ್ತಾರೆ. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳನ್ನು ಉಳಿಸಿ ಬೆಳೆಸಿದವರು ಎಂಬುದು ಆ ಎರಡು ಸಾಲಿನ ತಿರುಳು. ಅದು ನಿಜ. ಆದರೆ ಬೋಧನಾಭ್ಯಾಸಕ್ಕೆ ಹೊರಟವರಿಗೆ ಅವರ ಇನ್ನೊಂದು ಕೆಲಸ ಹೆಚ್ಚು ಬೇಕಾದದ್ದು ಎಂದು ನನಗೆ ಅನ್ನಿಸುತ್ತ ಬಂದಿದೆ. ಒಂದು ಊರಿನ ಮಾಸ್ತರರಿಗೆ ಗೊತ್ತಿದ್ದದ್ದು ಇನ್ನೊಂದು ಊರಿನ ಮಾಸ್ತರರಿಗೆ ತಲುಪಲು ಅವರು ಒಂದು ದಾರಿ ಮಾಡಿದರು. ಅದನ್ನು ಹೇಳುವುದಕ್ಕಾಗಿ ಅವರ ಬದುಕನ್ನು ಇಲ್ಲಿ ಮೊದಲಿನಿಂದ ಹೇಳುತ್ತೇನೆ.

ಚೆನ್ನಬಸಪ್ಪನವರು ಹುಟ್ಟಿದ್ದು 1833ರಲ್ಲಿ, ಧಾರವಾಡದಲ್ಲಿ. ಅಲ್ಲಿ ಸಿಗುವಷ್ಟು ಓದು ಮುಗಿದ ಮೇಲೆ ಮುಂದಿನ ಓದಿಗೆ ಪುಣೆಗೆ ಹೋದರು. ಮನೆಯವರಿಗೆ ಮನಸ್ಸಿರಲಿಲ್ಲ, ಆದರೂ ಅವರು ಕಾಲ್ನಡಿಗೆಯಲ್ಲೇ ಹೊರಟರು ಎಂದು ನಮ್ಮ ಭಾಗದಲ್ಲಿ ಹೇಳಿಕೊಂಡು ಬಂದಿದ್ದಾರೆ. ನಡೆಯದೆ ಬೇರೆ ದಾರಿಯೂ ಹೆಚ್ಚಿರಲಿಲ್ಲ. ಈ ಸೀಮೆಗೆ ರೈಲು ಬಂದದ್ದು 1880ರ ದಶಕದಲ್ಲಿ. ಪುಣೆ ಅಂದರೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ, ನಡುವೆ ಘಟಪ್ರಭಾ, ಕೃಷ್ಣೆಯಂಥ ನದಿಗಳು. ಪುಣೆಯಲ್ಲಿ ಅವರು ಕಲಿತದ್ದು ಇಂಜಿನಿಯರಿಂಗ್. ಆ ಕಾಲದಲ್ಲಿ ರಸ್ತೆ, ಸೇತುವೆ, ಕಾಲುವೆ ಎಂದು ಆ ವಿದ್ಯೆಗೆ ಕೈತುಂಬ ಕೆಲಸವಿತ್ತು. ಚೆನ್ನಬಸಪ್ಪನವರು ಮಾತ್ರ ಕೊನೆಗೆ ಶಾಲೆಯ ಕಡೆ ತಿರುಗಿದರು.

ಆಗಿನ ಶಾಲೆಯ ಸ್ಥಿತಿಯನ್ನು ತುಸು ತಿಳಿದುಕೊಳ್ಳಬೇಕು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಬೆಳಗಾವಿ, ಧಾರವಾಡದ ಸೀಮೆ ಕಂಪನಿಯ ಕೈಸೇರಿತು, ಮುಂಬಯಿ ಪ್ರಾಂತದ ಭಾಗವಾಯಿತು. ಕಚೇರಿಯ ಬರಹ ಮರಾಠಿಯಲ್ಲಿತ್ತು, ಮೋಡಿ ಲಿಪಿಯಲ್ಲಿತ್ತು. ಸರಕಾರಿ ಶಾಲೆಗಳು ತೆರೆದಾಗ ಅಲ್ಲಿಯೂ ಮರಾಠಿಯೇ ಬಂತು. ಮನೆಯಲ್ಲಿ ಕನ್ನಡ ಮಾತನಾಡುವ ಮಗು ಶಾಲೆಯಲ್ಲಿ ಮರಾಠಿ ಓದುತ್ತಿತ್ತು. ಕನ್ನಡದಲ್ಲಿ ಕಲಿಸೋಣವೆಂದರೆ ಅಚ್ಚಾದ ಪುಸ್ತಕವಿಲ್ಲ, ಕಲಿಸಲು ತರಬೇತಾದ ಮಾಸ್ತರರಿಲ್ಲ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್‌ನಂಥವರು ಕನ್ನಡ ಶಾಲೆಗೆ ಒತ್ತಾಸೆ ಕೊಟ್ಟಿದ್ದರೂ ಅದು ಇಡೀ ಸೀಮೆಗೆ ಹಬ್ಬಿರಲಿಲ್ಲ.

ಸರಕಾರಿ ಶಾಲೆ ಇಲ್ಲದ ಊರುಗಳಲ್ಲಿ ಐಗಳ ಮಠವಿತ್ತು. ಮಠ ಎಂದರೆ ಇಲ್ಲಿ ಶಾಲೆ ಎಂದೇ ಅರ್ಥ. ಮಠಪತ್ರಿಕೆ ಎಂಬ ಹೆಸರು ಕೇಳಿ ಅದು ಯಾವುದೋ ಸ್ವಾಮಿಗಳ ಮಠದ ಪತ್ರಿಕೆಯಿರಬೇಕೆಂದು ತಿಳಿಯುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಒಬ್ಬಿಬ್ಬರಾದರೂ ಇರುತ್ತಾರೆ. ಐಗಳು ಮಣ್ಣಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು, ಲೆಕ್ಕ ಕಲಿಸುತ್ತಿದ್ದರು. ಅವರ ಹೊಟ್ಟೆ ತುಂಬುತ್ತಿದ್ದದ್ದು ಮಕ್ಕಳ ಮನೆಯಿಂದ ಬರುವ ಕಾಳಿನಿಂದ. ಈ ಊರಿನ ಐಗಳು ಕಾಲು, ಅರೆ, ಮುಕ್ಕಾಲಿನ ಲೆಕ್ಕವನ್ನು ಬೇಗ ಕಲಿಸುತ್ತಾರೆ ಎಂಬ ಹೆಸರೇ ಅವರ ಆಸ್ತಿ. ಆ ಕಸಬನ್ನು ಪಕ್ಕದ ಊರಿನ ಐಗಳಿಗೆ ಬಿಚ್ಚಿ ಹೇಳಿದರೆ ನಾಳೆ ನಾಲ್ಕು ಮಕ್ಕಳು ಅಲ್ಲಿಗೆ ಹೋದಾರು. ಹೀಗಾಗಿ ಗೊತ್ತಿದ್ದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಅವರ ಬಾಳುವೆಯ ಲೆಕ್ಕಾಚಾರವೇ ಆಗಿತ್ತು, ಅದನ್ನು ಸಣ್ಣತನವೆಂದು ನಾನು ಕರೆಯಲಾರೆ.

1854ರ ವುಡ್ಸ್ ಡಿಸ್ಪ್ಯಾಚ್ ಬಂದ ಮೇಲೆ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಎದ್ದಿತು. ಇನ್‌ಸ್ಪೆಕ್ಟರರು, ಅವರ ಕೆಳಗೆ ಡೆಪ್ಯುಟಿಗಳು, ಮಾಸ್ತರರನ್ನು ತಯಾರಿಸಲು ನಾರ್ಮಲ್ ಶಾಲೆಗಳು ಬಂದವು. ಮಾಸ್ತರರಿಗೆ ತಿಂಗಳ ಸಂಬಳ ಬಂತು. ಕಾಳಿನ ಹಂಗು ಹೋಯಿತು. ಹಂಗು ಹೋದರೂ ರೂಢಿ ಹೋಗಲಿಲ್ಲ. ತಮ್ಮ ಶಾಲೆ, ತಮ್ಮ ಮಕ್ಕಳು, ತಮ್ಮ ಪದ್ಧತಿ ಎಂದು ಪ್ರತಿಯೊಬ್ಬರೂ ಬಾಗಿಲು ಹಾಕಿಕೊಂಡೇ ಇದ್ದರು.

ಚೆನ್ನಬಸಪ್ಪನವರು ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಕೆಲಸ ಮಾಡಿದರು, ಮುಂದೆ ಬೆಳಗಾವಿಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದರು. ಮಾಸ್ತರರನ್ನು ತಯಾರು ಮಾಡಿದವರೇ ಅವರ ಶಾಲೆಯನ್ನು ತಪಾಸಣೆ ಮಾಡಲು ಹೋದರು. ತಾವು ತರಬೇತಿ ಕೊಟ್ಟ ಹುಡುಗ ಹಳ್ಳಿಗೆ ಹೋದ ಮೇಲೆ ಏನಾಗುತ್ತಾನೆ ಎಂಬುದನ್ನು ಕಣ್ಣಾರೆ ನೋಡುವ ಅವಕಾಶ ಶಿಕ್ಷಕ ಪ್ರಶಿಕ್ಷಕರಾದ ನಮ್ಮಲ್ಲಿ ಎಷ್ಟು ಜನರಿಗೆ ಸಿಕ್ಕಿದೆ? ನಮ್ಮ ಕೆಲಸ ಫಲಿತಾಂಶದ ದಿನ ಮುಗಿಯುತ್ತದೆ. ಅವರದು ಅಲ್ಲಿಂದ ಸುರುವಾಗುತ್ತಿತ್ತು.

ಅವರ ಮೇಲಧಿಕಾರಿ ರಸೆಲ್ ಎಂಬ ಇಂಗ್ಲಿಷ್ ಇನ್‌ಸ್ಪೆಕ್ಟರ್. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಶಾಲೆ ನಡೆಯಬೇಕೆಂಬ ಮಾತಿಗೆ ಅವರ ಬೆಂಬಲವಿತ್ತು. ಚೆನ್ನಬಸಪ್ಪನವರು ಊರೂರು ತಿರುಗಿದರು. ಎಲ್ಲೆಲ್ಲಿ ಮಕ್ಕಳ ಮನೆಮಾತು ಕನ್ನಡವೋ ಅಲ್ಲೆಲ್ಲ ಕನ್ನಡ ಶಾಲೆ ಆಗುವಂತೆ ನೋಡಿದರು. ಹಿರಿಯರನ್ನು ಒಪ್ಪಿಸಿದರು, ಮೇಲಿನವರಿಗೆ ಬರೆದರು. ಅವರ ಜೀವನ ಬರೆದವರೆಲ್ಲ ಈ ಭಾಗವನ್ನು ವಿಸ್ತಾರವಾಗಿ ಹೇಳಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಶಾಲೆಯ ಬೋರ್ಡು ಮರಾಠಿಯಿಂದ ಕನ್ನಡಕ್ಕೆ ಬದಲಾಯಿತು ಎಂದಿಟ್ಟುಕೊಳ್ಳಿ. ಮರುದಿನ ಬೆಳಗ್ಗೆ ಮಾಸ್ತರರು ಏನು ಮಾಡಬೇಕು? ಅವರು ಕಲಿತದ್ದು ಮರಾಠಿಯಲ್ಲಿ. ಭೂಗೋಲದ ಶಬ್ದಗಳು, ವ್ಯಾಕರಣದ ಶಬ್ದಗಳು, ಲೆಕ್ಕದ ಶಬ್ದಗಳು ಅವರ ಬಾಯಿಗೆ ಮರಾಠಿಯಲ್ಲೇ ಬರುತ್ತವೆ. ಈಗಲೂ ನಮ್ಮ ಕಡೆ ಹಳೆಯ ಮಂದಿ ಕೂಡಿಸುವುದಕ್ಕೆ ಬೇರೀಜು ಎನ್ನುತ್ತಾರೆ, ಕಳೆಯುವುದಕ್ಕೆ ವಜಾಬಾಕಿ ಎನ್ನುತ್ತಾರೆ. ಒಂದು ಊರಿನ ಮಾಸ್ತರರು ಒಂದು ಶಬ್ದ ಮಾಡಿಕೊಂಡರೆ ಹತ್ತು ಹರದಾರಿ ಆಚೆಯವರು ಇನ್ನೊಂದು ಮಾಡಿಕೊಳ್ಳುತ್ತಾರೆ. ಸಾಲದ್ದಕ್ಕೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯೂ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಬಂದು ಸೇರಿತು. ಕಾರವಾರದ ಕನ್ನಡ ಬೇರೆ, ಬೆಳಗಾವಿಯ ಕನ್ನಡ ಬೇರೆ. ಎಲ್ಲರಿಗೂ ಸಲ್ಲುವ ಶಾಲೆಯ ಕನ್ನಡ ಒಂದು ಇನ್ನೂ ಆಗಬೇಕಾಗಿತ್ತು. ಒಬ್ಬ ಡೆಪ್ಯುಟಿ ಕುದುರೆ ಏರಿ ಎಷ್ಟು ತಿರುಗಿದರೂ ವರ್ಷಕ್ಕೆ ಒಂದು ಶಾಲೆಗೆ ಒಂದೆರಡು ದಿನ ಕೊಟ್ಟಾರು. ಮಾಸ್ತರರ ನಡುವೆ ಮಾತು ನಡೆಯದಿದ್ದರೆ ಕನ್ನಡ ಶಾಲೆ ಎಂಬುದು ಬೋರ್ಡಿನ ಮೇಲಷ್ಟೇ ಉಳಿಯುತ್ತಿತ್ತು.

1865ರಲ್ಲಿ ಬೆಳಗಾವಿಯಿಂದ ಮಠಪತ್ರಿಕೆ ಹೊರಟಿತು. ಕನ್ನಡ ಶಾಲೆಗಳಿಗಾಗಿ, ಕನ್ನಡ ಮಾಸ್ತರರಿಗಾಗಿ ಹೊರಟ ಪತ್ರಿಕೆ. ರಸೆಲ್ ಅವರ ಬೆಂಬಲ ಅದರ ಹಿಂದಿತ್ತು, ದುಡಿಮೆ ಚೆನ್ನಬಸಪ್ಪನವರದು ಮತ್ತು ಅವರ ಸುತ್ತ ಇದ್ದ ಮಾಸ್ತರರದು.

ಇಲ್ಲಿ ನನ್ನ ಓದನ್ನು ಹೇಳುತ್ತೇನೆ, ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಡೆಪ್ಯುಟಿ ಎಂದರೆ ಮಾಸ್ತರರಿಗೆ ಅಂಜಿಕೆ. ಅವರು ಬರುತ್ತಾರೆಂದರೆ ಶಾಲೆ ಸಾರಿಸಬೇಕು, ಜಾಣ ಮಕ್ಕಳನ್ನು ಮುಂದಿನ ಸಾಲಿಗೆ ಕೂಡಿಸಬೇಕು, ದಡ್ಡರನ್ನು ಅಂದು ಹೊಲಕ್ಕೆ ಕಳಿಸಬೇಕು. ತಪಾಸಣೆಗೆ ಬಂದವರ ಮುಂದೆ ನನಗೆ ಇದು ಬರುವುದಿಲ್ಲ, ಈ ಪಾಠ ನನಗೆ ಕಲಿಸಲು ಆಗಲಿಲ್ಲ ಎಂದು ಯಾವ ಮಾಸ್ತರರು ಹೇಳಿಯಾರು? ಚೆನ್ನಬಸಪ್ಪನವರು ಎರಡೂ ಕಡೆ ನಿಂತವರು. ನಾರ್ಮಲ್ ಶಾಲೆಯಲ್ಲಿ ಕಲಿಸುವಾಗ ಹುಡುಗರು ಬಿಚ್ಚಿ ಮಾತಾಡಿರಬೇಕು, ಅದೇ ಹುಡುಗರು ಮಾಸ್ತರರಾದ ಮೇಲೆ ಡೆಪ್ಯುಟಿಯ ಮುಂದೆ ಬಾಯಿ ಕಟ್ಟಿ ನಿಂತಿರಬೇಕು. ತಪಾಸಣೆಯ ವಹಿಯೇ ಬೇರೆ, ಪತ್ರಿಕೆಯೇ ಬೇರೆ. ವಹಿಯಲ್ಲಿ ಬರೆಯುವುದು ಮೇಲಿನವರಿಗಾಗಿ. ಪತ್ರಿಕೆಯಲ್ಲಿ ಬರೆಯುವುದು ಸರೀಕರಿಗಾಗಿ. ಒಬ್ಬ ಮನುಷ್ಯನೇ ಎರಡನ್ನೂ ನಡೆಸಿದರೂ ಎರಡನ್ನೂ ಬೇರೆಯಾಗಿ ಇಟ್ಟದ್ದರಲ್ಲಿ ಅವರ ತಿಳಿವಳಿಕೆ ಕಾಣುತ್ತದೆ ಎಂದು ನನ್ನ ಎಣಿಕೆ.

ಸಾಂಬ್ರಾದ ಕಡೆ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಸಾಂಬ್ರಾ ಎಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. 1942ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ವಾಯುಪಡೆ ಕಟ್ಟಿಸಿದ ನಿಲ್ದಾಣ ಅದು. ಬೆಳಗಾವಿಯಿಂದ ಬಾಗಲಕೋಟ ರಸ್ತೆಯಲ್ಲಿ ಹತ್ತು ಕಿಲೋಮೀಟರು. ನಮಗೆ ಸಾಂಬ್ರಾ, ಮುತಗಾ, ಬಾಳೇಕುಂದ್ರಿ, ಸುಳೇಭಾವಿ ಎಂದರೆ ಬೋಧನಾಭ್ಯಾಸದ ಊರುಗಳು. ಇಲ್ಲಿ ಕನ್ನಡ, ಮರಾಠಿ ಎರಡೂ ಓಣಿಯ ಮಾತು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳೂ ಇದ್ದಾರೆ.

ನಮ್ಮ ಒಬ್ಬ ಪ್ರಶಿಕ್ಷಣಾರ್ಥಿಗೆ ಆ ಭಾಗದ ಒಂದು ಶಾಲೆಯಲ್ಲಿ ಮೂರನೇ ತರಗತಿ. ಸಂಖ್ಯೆ ಹೇಳಿ ಬರೆಸಿದರೆ ಒಬ್ಬ ಹುಡುಗ ಮೂವತ್ತೆಂಟಕ್ಕೆ 83 ಬರೆಯುತ್ತಾನೆ, ಇಪ್ಪತ್ತೈದಕ್ಕೆ 52. ಮೂರು ವಾರ ತಿದ್ದಿಸಿದರೂ ಅದೇ ಕತೆ. ಹುಡುಗ ನಿಧಾನಕಲಿಕೆಯವನು ಎಂದು ದಾಖಲೆಯಲ್ಲಿ ಬರೆಯುವ ಹಂತಕ್ಕೆ ಬಂದಿತ್ತು. ಅದೇ ಬಸ್ಸಿನಲ್ಲಿ ದಿನವೂ ಹೋಗಿಬರುವ ಇನ್ನೊಬ್ಬಾಕೆಗೆ ಪಕ್ಕದ ಊರಿನ ಶಾಲೆ. ಆಕೆಯ ತರಗತಿಯಲ್ಲೂ ಇದೇ ತೊಂದರೆ ಬಂದಿತ್ತು, ಆಕೆ ಕಾರಣವನ್ನು ಹಿಡಿದಿದ್ದಳು. ಮರಾಠಿಯಲ್ಲಿ ಇಪ್ಪತ್ತೈದು ಎಂಬುದು ಪಂಚವೀಸ್. ಐದು ಮೊದಲು, ಇಪ್ಪತ್ತು ಆಮೇಲೆ. ಮೂವತ್ತೆಂಟು ಅಡ್‌ತೀಸ್. ಎಂಟು ಮೊದಲು, ಮೂವತ್ತು ಆಮೇಲೆ. ಮೊದಲು ಕೇಳಿಸಿದ ಅಂಕಿಯನ್ನು ಬಲಕ್ಕೆ ಬರೆಯಬೇಕು ಎಂದು ಮನೆಮಾತಿನಲ್ಲಿ ಆ ಮಗು ಸರಿಯಾಗಿಯೇ ಕಲಿತಿದೆ. ಕನ್ನಡದಲ್ಲಿ ಹತ್ತರ ಮಾತು ಮೊದಲು ಬರುತ್ತದೆ. ಮಗು ತನ್ನ ನಿಯಮವನ್ನು ಇಲ್ಲಿಗೂ ಹಚ್ಚುತ್ತಿದೆ, ಅಷ್ಟೇ. ಅದರಲ್ಲಿ ದಡ್ಡತನವಿಲ್ಲ. ಆಕೆ ಕಡ್ಡಿಯ ಕಟ್ಟುಗಳನ್ನು ಎಡಕ್ಕೂ ಬಿಡಿ ಕಡ್ಡಿಗಳನ್ನು ಬಲಕ್ಕೂ ಇಟ್ಟು, ಅದೇ ಸಂಖ್ಯೆಯನ್ನು ಮಕ್ಕಳ ಬಾಯಿಂದ ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿಸಿ, ಯಾವ ಮಾತಿಗೆ ಯಾವ ಕಡ್ಡಿ ಎಂದು ಕೈಯಿಂದ ಮುಟ್ಟಿಸಿದ್ದಳು. ನಾಲ್ಕೈದು ದಿನದಲ್ಲಿ ಸರಿಹೋಗಿತ್ತು.

ಒಂದೇ ಬಸ್ಸಿನಲ್ಲಿ ಮೂರು ವಾರ. ಒಬ್ಬರ ಹತ್ತಿರ ರೋಗ, ಇನ್ನೊಬ್ಬರ ಹತ್ತಿರ ಔಷಧ. ಮಾತಾಡಲಿಲ್ಲ ಏಕೆ ಎಂದು ಇಬ್ಬರನ್ನೂ ಕೇಳಿದೆ. ಆಕೆಗೆ ಅದು ಹೇಳಿಕೊಳ್ಳುವಂಥ ದೊಡ್ಡ ಸಂಗತಿ ಅನ್ನಿಸಿರಲಿಲ್ಲ. ಪಾಠಯೋಜನೆಯಲ್ಲಿ ಅದಕ್ಕೆ ಕಾಲಮ್ಮೂ ಇಲ್ಲ. ಆತನಿಗೆ ಅಂಜಿಕೆ. ತನ್ನ ತರಗತಿಯ ಮಕ್ಕಳಿಗೆ ಸಂಖ್ಯೆ ಬರುವುದಿಲ್ಲ ಎಂಬುದು ಹೊರಗೆ ಬಿದ್ದರೆ ಮೇಲ್ವಿಚಾರಕರು ಅಂಕ ಕಡಿಮೆ ಮಾಡಿಯಾರು ಎಂದು. ಡೆಪ್ಯುಟಿಯ ಕುದುರೆ ಹೋಗಿದೆ, ಅಂಜಿಕೆ ಹೋಗಿಲ್ಲ.

ಆಗ ನನಗೆ ಮಠಪತ್ರಿಕೆಯ ಕಾಲದ ಮಕ್ಕಳು ನೆನಪಾದರು. ಈ ಹುಡುಗನ ತೊಂದರೆ ತಿರುಗಿಸಿ ನೋಡಿದರೆ ಆಗಿನ ಕನ್ನಡ ಮಗುವಿನದು. ಮನೆಯಲ್ಲಿ ಇಪ್ಪತ್ತೈದು, ಶಾಲೆಯಲ್ಲಿ ಪಂಚವೀಸ್. ಎಷ್ಟು ಮಕ್ಕಳು ಹೀಗೆಯೇ ದಡ್ಡರೆನಿಸಿಕೊಂಡು ಎಮ್ಮೆ ಕಾಯಲು ಹೋದರೋ.

ಆ ವರ್ಷದಿಂದ ನಮ್ಮ ಪ್ರಶಿಕ್ಷಣಾರ್ಥಿಗಳ ಕೋಣೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು ಇದೆ. ತರಗತಿಯಲ್ಲಿ ಯಾವುದು ಎಡವಿತು, ಯಾವುದು ದಾಟಿತು ಎಂದು ಯಾರು ಬೇಕಾದರೂ ಬರೆಯಬಹುದು. ಹೆಸರು ಬೇಡ. ಅದಕ್ಕೆ ಅಂಕವಿಲ್ಲ, ನನ್ನ ಸಹಿಯೂ ಇಲ್ಲ. ಮೊದಲ ಎರಡು ವಾರ ಖಾಲಿ ಬಿತ್ತು. ಆಮೇಲೆ ಒಬ್ಬರು ಬರೆದರು, ಅದರ ಕೆಳಗೆ ಇನ್ನೊಬ್ಬರು ಉತ್ತರ ಬರೆದರು. ಎಲ್ಲ ಪುಟಗಳೂ ಉಪಯೋಗಕ್ಕೆ ಬರುವಂಥವು ಎಂದು ಹೇಳಲಾರೆ. ಕೆಲವು ಪುಟಗಳ ತುಂಬ ಬರೀ ಬಸ್ಸಿನ ದೂರು.

ಮತ್ತೆ ಚೆನ್ನಬಸಪ್ಪನವರ ಕಡೆ ಬರೋಣ. ಅವರು ಇತರರಿಂದ ಬರೆಯಿಸಿದ್ದಷ್ಟೇ ಅಲ್ಲ, ತಾವೂ ಬರೆದರು. ಷೇಕ್ಸ್‌ಪಿಯರನ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದರು. ಇಲಾಖೆಯ ಅಧಿಕಾರಿಯೊಬ್ಬರು ನಗೆಯ ಕಥೆ ಬರೆದು ಅಂಥ ಹೆಸರಿಟ್ಟದ್ದು ನನಗೆ ಬಹಳ ಇಷ್ಟ. ಕನ್ನಡದಲ್ಲಿ ಓದಲು ಏನಿದೆ ಎಂದು ಕೇಳುತ್ತಿದ್ದ ಕಾಲದಲ್ಲಿ ಮಾಸ್ತರರ ಕೈಗೆ ಒಂದು ಪುಸ್ತಕ ಕೊಟ್ಟಂತಾಯಿತು. ಬರೆಯಿರಿ ಎಂದು ಆಜ್ಞೆ ಮಾಡುವ ಮೇಲಿನವರು ಬಹಳ ಸಿಗುತ್ತಾರೆ, ತಮ್ಮ ಬರಹವನ್ನು ಹತ್ತು ಜನರ ಮುಂದೆ ಇಡುವವರು ಕಡಿಮೆ.

ಅವರೊಬ್ಬರೇ ಇರಲಿಲ್ಲ. ಆ ಕಾಲದ ಬೆಳಗಾವಿ, ಧಾರವಾಡದಲ್ಲಿ ಶಾಲೆಯ ಸುತ್ತ ಒಂದು ಬಳಗವೇ ಬೆಳೆಯಿತು. ಬಾಣನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ಇಳಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ಶಾಕುಂತಲ ನಾಟಕವನ್ನು ಕನ್ನಡಿಸಿದ ಚುರಮುರಿ ಶೇಷಗಿರಿರಾಯರು, ಇಲಾಖೆಯ ಭಾಷಾಂತರಕಾರರಾಗಿ ಪಠ್ಯಪುಸ್ತಕಗಳಿಗೆ ದುಡಿದ ವೆಂಕಟ ರಂಗೋ ಕಟ್ಟಿಯವರು. ಇವರಲ್ಲಿ ಲಿಂಗಾಯತರಿದ್ದರು, ಬ್ರಾಹ್ಮಣರಿದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಒಬ್ಬರು ಮಾಡಿದ ಶಬ್ದವನ್ನು ಇನ್ನೊಬ್ಬರು ಬಳಸಿದರು, ಹೀಗೆ ಬಳಸುತ್ತ ಹೋದಂತೆ ಶಾಲೆಯ ಕನ್ನಡ ಒಂದು ಹದಕ್ಕೆ ಬಂತು. ಪತ್ರಿಕೆಯೂ ಒಬ್ಬರ ಕೈಯಲ್ಲೇ ಉಳಿಯಲಿಲ್ಲ. ಮುಂದೆ ಕಟ್ಟಿಯವರೂ ಅದನ್ನು ನಡೆಸಿದರು.

ಹೆಚ್ಚುಕಡಿಮೆ ಇದೇ ಹೊತ್ತಿಗೆ ದೂರದ ಜಪಾನಿನಲ್ಲಿಯೂ ಇಂಥದ್ದೊಂದು ಬೇರು ಬಿಡುತ್ತಿತ್ತು. 1870ರ ದಶಕದಲ್ಲಿ ಅಲ್ಲಿ ನಾರ್ಮಲ್ ಶಾಲೆಗಳು ತೆರೆದವು. ಒಬ್ಬ ಶಿಕ್ಷಕ ಪಾಠ ಮಾಡುವುದು, ಉಳಿದವರು ಕುಳಿತು ನೋಡುವುದು, ಆಮೇಲೆ ಆ ಪಾಠವನ್ನು ಎಲ್ಲರೂ ಸೇರಿ ಬಿಚ್ಚಿ ಚರ್ಚಿಸುವುದು ಎಂಬ ರೂಢಿ ಅಲ್ಲಿಂದ ಬೆಳೆಯಿತು. ಇಂದು ಲೆಸನ್ ಸ್ಟಡಿ ಎಂದು ನಮ್ಮ ಕಾರ್ಯಾಗಾರಗಳಲ್ಲಿ ಹೊಸದೆಂಬಂತೆ ಹೇಳುವುದು ಇದನ್ನೇ. ನಮ್ಮಲ್ಲಿ ಅದು ಅಚ್ಚಿನ ಹಾಳೆಯ ದಾರಿ ಹಿಡಿಯಿತು. ಖಾನಾಪುರದ ಕಾಡಂಚಿನ ಒಂಟಿ ಮಾಸ್ತರರ ಶಾಲೆಗೆ ಕುಳಿತು ನೋಡಲು ಯಾರು ಹೋಗಬೇಕು? ಹಾಳೆಯಾದರೆ ಟಪಾಲಿನಲ್ಲಿ ಹೋಗುತ್ತದೆ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಪತ್ರಿಕೆಯಲ್ಲಿ ಬರೆಯಬಲ್ಲವರು ಕೆಲವರು, ಓದಿ ಸುಮ್ಮನಾಗುವವರು ಹಲವರು. ಬರೆಯುವ ಕೈ ಪಳಗಿದವರ ಅನುಭವ ಊರೂರಿಗೆ ಹೋಗುತ್ತದೆ, ಕಲಿಸುವ ಕೈ ಪಳಗಿದ್ದೂ ಬರೆಯಲಾಗದವರ ಅನುಭವ ಅವರೊಡನೆಯೇ ಹೋಗುತ್ತದೆ. ನಡುವೆ ಒಂದು ಶತಮಾನ ದಾಟಿ 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಕೂಡಿ ಕುಳಿತು ಕನ್ನಡದ ಕಾರ್ಡುಗಳನ್ನು ಮಾಡಿದರು. ನಲಿ-ಕಲಿ ಹುಟ್ಟಿದ್ದು ಹಾಗೆ. ಅಲ್ಲಿ ಬರೆಯಲು ಬಾರದವರ ಕಸಬೂ ಕಾರ್ಡಿನೊಳಗೆ ಇಳಿಯಿತು. ಅದೇ ನಲಿ-ಕಲಿ ರಾಜ್ಯಕ್ಕೆಲ್ಲ ಹಬ್ಬಿ ಕಿಟ್ಟಿನ ಪೆಟ್ಟಿಗೆಯಾಗಿ ಶಾಲೆಗೆ ಬಂದಾಗ, ಅದನ್ನು ಮಾಡಿದವರೂ ತಮ್ಮಂಥ ಶಿಕ್ಷಕರೇ ಎಂಬುದು ಎಷ್ಟೋ ಜನರಿಗೆ ಮರೆತೇಹೋಗಿತ್ತು. ನಮ್ಮ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳನ್ನೂ ನೋಡಿ. ಹೆಸರು ಸಮಾಲೋಚನೆ, ಬಹಳ ಸಲ ನಡೆಯುವುದು ಸುತ್ತೋಲೆಯ ಓದು.

ಚೆನ್ನಬಸಪ್ಪನವರ ಕಾಲದಲ್ಲಿಯೂ ಆಜ್ಞೆ ಇತ್ತು, ಸುತ್ತೋಲೆ ಇತ್ತು. ಅವರು ಅಧಿಕಾರಿಯೇ ಆಗಿದ್ದರು, ಸಂತರಾಗಿರಲಿಲ್ಲ. ಅಧಿಕಾರದ ಬಲವಿಲ್ಲದಿದ್ದರೆ ಕನ್ನಡ ಶಾಲೆಗಳು ಅಷ್ಟು ಬೇಗ ಏಳುತ್ತಿರಲಿಲ್ಲ ಎಂಬುದೂ ದಿಟ. ಶಾಲೆ ತೆರೆಸಲು ಅಧಿಕಾರ ಬಳಸಿದರು. ಶಾಲೆಯೊಳಗಿನ ಕೆಲಸ ಸುಧಾರಿಸಲು ಪತ್ರಿಕೆ ಬಳಸಿದರು.

1881ರಲ್ಲಿ ಅವರು ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ಬೆಳಗಾವಿಗೆ ರೈಲು ಬಂದದ್ದನ್ನು ಅವರು ನೋಡಲಿಲ್ಲ. ರಾ.ಹ. ದೇಶಪಾಂಡೆಯವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದನ್ನೂ ನೋಡಲಿಲ್ಲ. ಆ ಸಂಘದ ಸುತ್ತ ನೆರೆದವರಿಗೆ ಓದಲು ಬರೆಯಲು ಕನ್ನಡ ಕೊಟ್ಟದ್ದು ಇವರು ತೆರೆಸಿದಂಥ ಶಾಲೆಗಳು.

ಪತ್ರಿಕೆ ಅವರ ಹಿಂದೆಯೇ ಹೋಗಲಿಲ್ಲ. ಮಠ ಎಂಬ ಶಬ್ದ ಹಳತಾದಾಗ ಹೆಸರು ಬದಲಾಯಿಸಿಕೊಂಡು ಕನ್ನಡ ಶಾಲಾಪತ್ರಿಕೆಯಾಯಿತು, ಮುಂದೆ ಜೀವನ ಶಿಕ್ಷಣವಾಗಿ ಧಾರವಾಡದಿಂದ ಹೊರಟಿತು. ನಮ್ಮ ಗ್ರಂಥಾಲಯದಲ್ಲಿ ಜೀವನ ಶಿಕ್ಷಣದ ಹಳೆಯ ಸಂಚಿಕೆಗಳ ಒಂದು ಕಟ್ಟು ಇದೆ, ಕಿಟಕಿಯ ಪಕ್ಕದ ಕಪಾಟಿನ ಕೆಳಗಿನ ಅಂಕಣದಲ್ಲಿ. ಕಪಾಟಿಗೆ ಕೀಲಿ ಹಾಕುವುದಿಲ್ಲ. ಮೂವತ್ತೆಂಟು ಮತ್ತು ಅಡ್‌ತೀಸಿನ ಪಾಠವನ್ನು ಕಡ್ಡಿಯ ಚಿತ್ರದೊಡನೆ ಬರೆದು ಕೊಡಲು ಆ ಹುಡುಗಿ ಒಪ್ಪಿದ್ದಾಳೆ. ಮುಂದಿನ ಸಂಚಿಕೆಯಲ್ಲಿ ಅದು ಇದೇ ಪುಟಗಳಲ್ಲಿ ಬರುತ್ತದೆ.